ಮನೆಯಲ್ಲಿಯೇ ಭಾವಚಿತ್ರಗಳ ಮುದ್ರಣ

ಚಂದ್ರಾ ಲೇಔಟಿನ ಸೋದರಿಯೊಬ್ಬರು ಕೇಳಿರುವ ಪ್ರಶ್ನೆಯನ್ನೇ ಈ ತಿಂಗಳ ವಿಷಯವಾಗಿ ಎತ್ತಿಕೊಂಡಿದ್ದೇನೆ. ಅವರ ಮೊಬೈಲು ಕೆಟ್ಟಾಗ ತೀರಿಕೊಂಡ ಮಾವನವರ ಚಿತ್ರಗಳೆಲ್ಲವೂ ಅದರೊಡನೆಯೇ ಹೋದುವಂತೆ. ವರ್ಷದ ತಿಥಿಗೆ ಹೂವೇರಿಸಲು ಒಂದು ಪಟವೂ ಉಳಿಯಲಿಲ್ಲವಂತೆ. ಇನ್ನು ಮುಂದಾದರೂ ಮುಖ್ಯವಾದ ಚಿತ್ರಗಳನ್ನು ಮನೆಯಲ್ಲಿಯೇ ಕಾಗದಕ್ಕೆ ಇಳಿಸಬೇಕೆಂಬುದು ಅವರ ಸಂಕಲ್ಪ. ಯಾವ ಪ್ರಿಂಟರನ್ನು ಕೊಳ್ಳಬೇಕು?

ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ತಿಂಗಳಿಗೆ ಎಷ್ಟು ಚಿತ್ರಗಳನ್ನು ಮುದ್ರಿಸುವೆವೆಂದು ಲೆಕ್ಕ ಹಾಕತಕ್ಕದ್ದು. ಯುಗಾದಿಗೊಂದು, ದೀಪಾವಳಿಗೊಂದು ಎನ್ನುವ ಮನೆಗೆ ಪ್ರಿಂಟರು ಬೇಡವೇ ಬೇಡ. ವಿಜಯನಗರದ ಯಾವುದಾದರೂ ಸ್ಟುಡಿಯೋದಲ್ಲಿ ಆಗುವ ಕೆಲಸಕ್ಕೆ ಸಾವಿರಾರು ರೂಪಾಯಿ ತೆರುವುದು ಜಾಣತನವಲ್ಲ.

ಮನೆಗೆ ಒದಗತಕ್ಕ ಯಂತ್ರಗಳಲ್ಲಿ ಎರಡು ಬಗೆಗಳುಂಟು. ಇಂಕ್‌ಜೆಟ್ ಎಂಬುದು ಕೂದಲೆಳೆಗಿಂತಲೂ ಸಣ್ಣ ರಂಧ್ರಗಳಿಂದ ಶಾಯಿಯನ್ನು ಸಿಂಪಡಿಸುತ್ತದೆ. ಬಾಟಲಿಯಿಂದ ಶಾಯಿ ತುಂಬುವ ಟ್ಯಾಂಕಿನ ಯಂತ್ರದಲ್ಲಿ ಚಿತ್ರವೊಂದಕ್ಕೆ ತಗಲುವ ಶಾಯಿಯ ವೆಚ್ಚ ಕಡಮೆ. ನಾಲ್ಕು ಬಣ್ಣದವಕ್ಕಿಂತ ಎಪ್ಸನ್ ಎಲ್ ೮೦೫೦ರಂತಹ ಆರು ಬಣ್ಣದ್ದು ಲೇಸು; ಮುಖದ ತಿಳಿಛಾಯೆಗಳು ನಯವಾಗಿ ಮೂಡುವುವು, ಎ೪ ಅಳತೆಯ ಪಟವೂ ಬರುವುದು. ಆದರೆ ಬಹುಕಾಲ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ಕ್ಯಾನನ್ ಸೆಲ್ಫಿ ಸಿಪಿ ೧೫೦೦ ಇನ್ನೊಂದು ಬಗೆಯದು. ಇದು ರಿಬ್ಬನಿನ ಬಣ್ಣವನ್ನು ಕಾಯಿಸಿ ಕಾಗದಕ್ಕೆ ಇಳಿಸುತ್ತದೆ. ಮೂರು ಬಣ್ಣಕ್ಕೆ ಮೂರು ಸಲ, ರಕ್ಷಣೆಯ ಪದರಕ್ಕೆ ಇನ್ನೊಂದು ಸಲ, ಹೀಗೆ ಕಾಗದವು ನಾಲ್ಕು ಬಾರಿ ಒಳಹೊಕ್ಕು ಹೊರಬರುವುದನ್ನು ನೋಡುವುದೇ ಮಕ್ಕಳಿಗೊಂದು ತಮಾಷೆ. ಒಣಗತಕ್ಕ ಶಾಯಿಯಿಲ್ಲ, ಆದರೆ ಅಂಚೆಕಾರ್ಡಿನಷ್ಟೇ ಪಟ. ತೀರಿದ ರಿಬ್ಬನಿನ ಮೇಲೆ ನಿಮ್ಮ ಚಿತ್ರಗಳ ನೆರಳು ಉಳಿದಿರುತ್ತದೆ, ಕತ್ತರಿಸಿಯೇ ಎಸೆಯಿರಿ.

ಗೋಡೆಗೆ ಹಾಕುವ ಪಟ ಬೇಕೆನ್ನುವ ಈ ಸೋದರಿಗೆ, ವಾರಕ್ಕೊಂದಾದರೂ ಚಿತ್ರ ತೆಗೆಯುವುದಾದರೆ, ಮೊದಲನೆಯದನ್ನೇ ನಾನು ಹೇಳುವೆನು.

ಅದನ್ನು ತಂದ ದಿನ ಆತುರ ಕೂಡದು. ಶಾಯಿ ತುಂಬಿದ ಮೇಲೆ ಯಂತ್ರವು ಕೊಳವೆಗಳೊಳಕ್ಕೆ ಅದನ್ನು ಎಳೆದುಕೊಳ್ಳುವವರೆಗೆ ನಡುವೆ ಆರಿಸಬಾರದು. ರಾತ್ರಿ ಮಲಗುವ ಮುನ್ನ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವ ಸದ್ಗುಣವೊಂದು ನಮ್ಮ ಗೃಹಿಣಿಯರಲ್ಲುಂಟಷ್ಟೆ? ಇಂಕ್‌ಜೆಟ್ಟಿಗೆ ಆ ಸದ್ಗುಣವೇ ಶತ್ರು. ಯಂತ್ರದ ಮೇಲಿನ ಗುಂಡಿಯನ್ನು ಒತ್ತಿದರೆ ಮಾತ್ರ ಅದು ರಂಧ್ರಗಳಿರುವ ತಲೆಯನ್ನು ಮೂಲೆಗೆ ಸರಿಸಿ ಮುಚ್ಚಿಕೊಳ್ಳುತ್ತದೆ. ಕೆಲಸದ ನಡುವೆ ಗೋಡೆಯಲ್ಲಿ ಆರಿಸಿದರೆ ತಲೆ ತೆರೆದೇ ಉಳಿದು ಒಣಗೀತು. ಮೊದಲು ಗುಂಡಿ, ದೀಪ ನಂದಿದ ಮೇಲೆ ಗೋಡೆ. ಇದನ್ನು ಮನೆಯ ಕೆಲಸದಾಕೆಗೂ ತಿಳಿಸಿಡಿ. ಫೋಟೋ ಕಾಗದವನ್ನು ಮಳೆಗಾಲದಲ್ಲಿ ಅದರ ಲಕೋಟೆಯಲ್ಲಿಯೇ ಬಿಗಿದಿಡಿ, ಮುದ್ರಿಸುವಾಗ ಕಾಗದದ ಜಾತಿಯನ್ನು ಸರಿಯಾಗಿ ಆರಿಸಿಕೊಡಿ.

ಮಾವನವರ ಚಿತ್ರದ ಆಸೆಯನ್ನು ಈಗಲೇ ಬಿಡಬೇಕಾಗಿಲ್ಲ. ನೆಂಟರ ಮೊಬೈಲುಗಳಲ್ಲಿ, ಮದುವೆಯ ಆಲ್ಬಮ್ಮುಗಳಲ್ಲಿ ಹುಡುಕಿಸಿ. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಬರುವ ಚಿತ್ರವು ಕುಗ್ಗಿರುತ್ತದೆ; ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಆರಂಗುಲ ಉದ್ದ, ನಾಲ್ಕಂಗುಲ ಅಗಲದ ಸ್ಫುಟವಾದ ಪಟಕ್ಕೆ ೧೮೦೦ಕ್ಕೆ ೧೨೦೦ ಚುಕ್ಕೆಗಳಿರಬೇಕು. ಅಚ್ಚಾದ ಪಟವನ್ನು ಒಂದು ದಿನ ಆರಲು ಬಿಟ್ಟು ಕಟ್ಟು ಹಾಕಿಸಿ. ಪಡುವಣ ಬಿಸಿಲು ಬೀಳುವ ಗೋಡೆಗೆ ಮಾತ್ರ ತೂಗುಹಾಕಬೇಡಿ.