ಯಾರ ಲೆಕ್ಕಕ್ಕೆ ಈ ರನ್ನುಗಳು?

ಈಚೆಗೆ ಚಿಕ್ಕಜಾಲದಲ್ಲಿ ಬಳ್ಳಾರಿ ರಸ್ತೆಯ ಬದಿಯ ಹೋಟೆಲೊಂದರಲ್ಲಿ ಇಬ್ಬರು ತರುಣರ ವಾಗ್ವಾದವು ನಮ್ಮ ಕಿವಿಗೆ ಬಿದ್ದಿತು. ಮಹೇಂದ್ರಸಿಂಗ್ ಧೋನಿಯವರು ಅಂತರರಾಷ್ಟ್ರೀಯ ಏಕದಿನ ಪಂದ್ಯಗಳಲ್ಲಿ ಗಳಿಸಿದ್ದು 10,773 ರನ್ನುಗಳೆಂದು ಒಬ್ಬನೂ, 10,599 ಎಂದು ಮತ್ತೊಬ್ಬನೂ ಹಟ ಹಿಡಿದಿದ್ದರು. ಇಬ್ಬರ ಮಾತೂ ಸತ್ಯವೇ! ಮಿಕ್ಕ 174 ರನ್ನುಗಳು ಭಾರತದ ಪರವಾಗಿ ಬಂದವಲ್ಲ; 2007ರ ಜೂನ್ ತಿಂಗಳಲ್ಲಿ ಆಫ್ರಿಕಾ ಖಂಡದ ತಂಡದೆದುರು ಏಷ್ಯಾ ಖಂಡದ ತಂಡಕ್ಕಾಗಿ ಬಂದವು.

ಆಫ್ರೋ-ಏಷ್ಯಾ ಕಪ್ ಎಂಬ ಆ ಪಂದ್ಯಮಾಲೆಯ ಮೊದಲನೆಯ ಏಕದಿನ ಪಂದ್ಯವು ಜೂನ್ 6ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ನಡೆಯಿತು. ಉಳಿದೆರಡು ಚೆನ್ನೈಯಲ್ಲಿ ನಡೆದುವು. ಶ್ರೀಲಂಕೆಯ ಮಹೇಲ ಜಯವರ್ಧನೆಯವರ ನಾಯಕತ್ವದಲ್ಲಿ ಭಾರತದ ಸೆಹವಾಗ್, ಪಾಕಿಸ್ತಾನದ ಮಹಮದ್ ಯೂಸುಫ್, ಬಾಂಗ್ಲಾದೇಶದ ಮೊರ್ತಜಾ ಮೊದಲಾದವರು ಒಂದೇ ಅಂಗಿಯನ್ನು ತೊಟ್ಟು ಆಡಿ ಮೂರು ಪಂದ್ಯಗಳನ್ನೂ ಗೆದ್ದರು. ಇಂದಿನ ಸ್ಥಿತಿಯನ್ನು ಕಂಡವರಿಗೆ ಇದು ಕನಸೆಂದೇ ತೋರೀತು. ಭಾರತ ಪಾಕಿಸ್ತಾನಗಳ ನಡುವೆ 2013ರ ಜನವರಿಯಿಂದೀಚೆಗೆ ದ್ವಿಪಕ್ಷೀಯ ಸರಣಿಯೇ ನಡೆದಿಲ್ಲ. ಆ ಸೌಹಾರ್ದವನ್ನು ನಾವು ಮನಸಾರೆ ಮೆಚ್ಚುತ್ತೇವೆ.

ನಮ್ಮ ಆಕ್ಷೇಪಣೆಯಿರುವುದು ಲೆಕ್ಕದ ವಿಷಯದಲ್ಲಿ. ತಾರೆಗಳನ್ನು ಆಯ್ದು ಕಟ್ಟಿದ ತಂಡಗಳ ಪ್ರದರ್ಶನದಾಟಕ್ಕೆ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಲಿಯವರು ಅಧಿಕೃತವಾದ ಮುದ್ರೆಯನ್ನೊತ್ತಿದರು. ಈ ಔದಾರ್ಯವಾದರೂ ಸರ್ವರಿಗೂ ಸಮನಾಗಿದ್ದಿತೆ? 1970ರಲ್ಲಿ ಇಂಗ್ಲೆಂಡು ವಿಶ್ವತಂಡದೊಡನೆ ಆಡಿದ ಐದು ಪಂದ್ಯಗಳನ್ನು ಟೆಸ್ಟುಗಳೆಂದು ಸಾರಿ, ಬಳಿಕ ಆ ಪದವಿಯನ್ನು ಕಿತ್ತುಕೊಂಡರು. ಇಂಗ್ಲೆಂಡಿನ ಪರವಾಗಿ ಅದೊಂದೇ ಪಂದ್ಯವನ್ನಾಡಿದ್ದ ಗ್ಲಮಾರ್ಗನ್ನಿನ ಅಲನ್ ಜೋನ್ಸರು ಟೆಸ್ಟ್ ಆಟಗಾರರೆಂಬ ಹೆಸರನ್ನೇ ಕಳೆದುಕೊಂಡರು. ಅವರಿಗೆ ಇಂಗ್ಲೆಂಡಿನ ಟೋಪಿಯು ದೊರೆತುದು 2020ರಲ್ಲಿ, ಐವತ್ತು ವರ್ಷಗಳ ತರುವಾಯ. ಆದರೆ 2005ರಲ್ಲಿ ಆಸ್ಟ್ರೇಲಿಯವು ಅಂತಹುದೇ ವಿಶ್ವತಂಡದೊಡನೆ ಸಿಡ್ನಿಯಲ್ಲಿ ಆಡಿದುದು ಟೆಸ್ಟೆಂದೇ ಉಳಿದಿದೆ. ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ!

ಪ್ರದರ್ಶನದಾಟವು ಮನ್ನಣೆ ಪಡೆಯಲು ಇಂತಹ ಮುದ್ರೆಯೇನೂ ಬೇಕಿಲ್ಲ. 1972ರಲ್ಲಿ ಕೆನಡಾದ ವೃತ್ತಿಪರ ಆಟಗಾರರೂ ಸೋವಿಯೆತ್ ರಷ್ಯದವರೂ ಮಂಜುಗಡ್ಡೆಯ ಮೇಲೆ ಎಂಟು ಹಾಕಿ ಪಂದ್ಯಗಳನ್ನಾಡಿದರು. ಕೆನಡಾ ನಾಲ್ಕನ್ನೂ ರಷ್ಯ ಮೂರನ್ನೂ ಗೆದ್ದು, ಒಂದು ಸಮವಾಯಿತು. ಅದು ಯಾವ ಪ್ರಶಸ್ತಿಯ ಪಂದ್ಯಾವಳಿಯೂ ಅಲ್ಲ. ಆದರೂ ಎರಡು ರಾಷ್ಟ್ರಗಳ ಜನರು ಅದನ್ನು ಇಂದಿಗೂ ಮರೆತಿಲ್ಲ. ಅಲ್ಲಿ ಪ್ರತಿಯೊಬ್ಬನೂ ತನ್ನ ನಾಡಿಗಾಗಿ ಆಡಿದ್ದನು.

ನಮ್ಮ ವಾದವನ್ನೊಪ್ಪಿದರೆ ಒಬ್ಬರಿಗೆ ನಷ್ಟವುಂಟೆಂಬುದನ್ನು ಮರೆಮಾಚಲಾರೆವು. ಬೆಂಗಳೂರಿನ ಆ ಪಂದ್ಯದಲ್ಲಿ ಏಳನೆಯವರಾಗಿ ಬಂದು 130 ರನ್ನುಗಳನ್ನು ಹೊಡೆದ ದಕ್ಷಿಣ ಆಫ್ರಿಕದ ಶಾನ್ ಪೊಲಾಕರಿಗೆ ಅಂತರರಾಷ್ಟ್ರೀಯ ಏಕದಿನದಾಟದಲ್ಲಿ ಅದೊಂದೇ ಶತಕ. ಅವರ ತಂಡವು 34 ರನ್ನುಗಳಿಂದ ಸೋತಿತು. ಆ ಶತಕವನ್ನು ಅಳಿಸಿರೆಂದು ನಾವು ಹೇಳುವುದಿಲ್ಲ. ಖಂಡದ ತಂಡಗಳಿಗೆ ಪುಸ್ತಕದಲ್ಲಿ ಪ್ರತ್ಯೇಕ ಪುಟವೊಂದಿರಲಿ; ಪೊಲಾಕರ 130, ಚೆನ್ನೈಯಲ್ಲಿ ಧೋನಿಯವರು ಔಟಾಗದೆ ಹೊಡೆದ 139, ಎರಡೂ ಅಲ್ಲಿ ಗೌರವದಿಂದಲೇ ನಿಲ್ಲುವುವು.

ಈ ಪಂದ್ಯಮಾಲೆಯನ್ನು ಪುನರಾರಂಭಿಸಬೇಕೆಂಬ ಮಾತು 2024ರಲ್ಲಿ ಆಫ್ರಿಕದ ಕ್ರಿಕೆಟ್ ಸಂಘದವರಿಂದ ಹೊರಟಿದೆ. ಮಂಡಲಿಯವರು ಮೊದಲು ಪುಟವನ್ನು ತೆರೆದು, ಆಮೇಲೆ ಆಟಕ್ಕೆ ಅನುಮತಿಯನ್ನು ಕೊಡಲಿ.