ಟೆಕ್ಸಸ್ ಡ್ರೋನ್ ಕಾಯ್ದೆಯ ಸಮರ್ಥಕರಿಗೆ ಉತ್ತರ

ಟೆಕ್ಸಸ್ ರಾಜ್ಯ 2013ರಲ್ಲಿ ತಂದ ಡ್ರೋನ್ ಕಾಯ್ದೆಯನ್ನು ಬೆಂಬಲಿಸುವವರ ಮೊದಲ ವಾದ: ಇದಿಲ್ಲದಿದ್ದರೆ ಬಚ್ಚಲಮನೆಯ ಕಿಟಕಿಗೂ ಕ್ಯಾಮೆರಾ ಹಾರಿಬರುತ್ತದೆ. ಈ ಭಯ ಸುಳ್ಳಲ್ಲ. ಆದರೆ ಬಚ್ಚಲಲ್ಲಿರುವವರನ್ನು ಕದ್ದು ಚಿತ್ರಿಸುವುದಕ್ಕೆ ಆ ರಾಜ್ಯದ ದಂಡಸಂಹಿತೆಯಲ್ಲೇ 180 ದಿನಗಳಿಂದ ಎರಡು ವರ್ಷದವರೆಗೆ ಸೆರೆವಾಸವಿದೆ. ಕ್ಯಾಮೆರಾ ಕೈಯಲ್ಲಿತ್ತೋ ಗಾಳಿಯಲ್ಲಿತ್ತೋ ಎಂದು ಆ ಕಲಮು ಕೇಳುವುದಿಲ್ಲ. ಡ್ರೋನ್ ಕಾಯ್ದೆಯಡಿ, ಖಾಸಗಿ ಆಸ್ತಿಯ ಮೇಲೆ ಕಣ್ಗಾವಲಿಡುವ ಉದ್ದೇಶದಿಂದ ಫೋಟೊ ತೆಗೆದರೆ ಹೆಚ್ಚೆಂದರೆ 500 ಡಾಲರ್ ದಂಡ; ಅದನ್ನು ಬಹಿರಂಗಪಡಿಸಿದರೆ 180 ದಿನಗಳವರೆಗೆ ಜೈಲು. ತೆಗೆದದ್ದಕ್ಕಿಂತ ಜನರಿಗೆ ತೋರಿಸಿದ್ದಕ್ಕೇ ಶಿಕ್ಷೆ ಜಾಸ್ತಿ! ಹಾಗಾದರೆ ಇಲ್ಲಿ ರಕ್ಷಣೆ ಸಿಗುತ್ತಿರುವುದು ಯಾರಿಗೆ?

ಈ ಕಾಯ್ದೆ ಬರುವ ಮುಂಚೆ ಡಲ್ಲಾಸ್‌ನಲ್ಲಿ ಏನಾಯಿತೆಂದು ನೋಡಿ. ಹವ್ಯಾಸಕ್ಕೆಂದು ಪುಟ್ಟ ವಿಮಾನ ಹಾರಿಸುತ್ತಿದ್ದವನೊಬ್ಬನ ಫೋಟೊದಲ್ಲಿ, ಮಾಂಸದ ಕಾರ್ಖಾನೆಯೊಂದರ ಹಿಂದಿನ ತೊರೆ ಕೆಂಪಗೆ ಕಂಡಿತು. ಹಂದಿಯ ರಕ್ತ ಟ್ರಿನಿಟಿ ನದಿಯ ಕಡೆಗೆ ಹರಿಯುತ್ತಿತ್ತು. ಅಧಿಕಾರಿಗಳು ತನಿಖೆಗೆ ಇಳಿದದ್ದು ಆಮೇಲೆ. ಆತನಿಗೆ ಅದು ಅಕಸ್ಮಾತ್ತಾಗಿ ಸಿಕ್ಕಿತು, ಸರಿ. ಇಂದು ಅನುಮಾನ ಬಂದು, ಖಚಿತಪಡಿಸಿಕೊಳ್ಳಲೆಂದೇ ಇನ್ನೊಮ್ಮೆ ಡ್ರೋನ್ ಹಾರಿಸುವ ವರದಿಗಾರನ ಉದ್ದೇಶವನ್ನು ಪೊಲೀಸರು ಏನೆಂದು ಕರೆದಾರು? ಕಣ್ಗಾವಲು ಅಂದರೆ ಏನೆಂದು ಕಾಯ್ದೆ ಹೇಳಿಯೇ ಇಲ್ಲ.

‘ವಿನಾಯಿತಿಗಳು ಬೇಕಾದಷ್ಟಿವೆಯಲ್ಲ’ ಎನ್ನುತ್ತಾರೆ. ಇವೆ. ಮನೆ ಮಾರುವ ದಲ್ಲಾಳಿಗೆ, ವಿದ್ಯುತ್ ಕಂಪನಿಗೆ, ವಿಶ್ವವಿದ್ಯಾಲಯದ ಸಂಶೋಧಕರಿಗೆ ಇವೆ. ಪತ್ರಕರ್ತರ ಹೆಸರು ಮಾತ್ರ ಆ ಪಟ್ಟಿಯಲ್ಲಿಲ್ಲ. ಮಾರಾಟಕ್ಕಾಗಿ ಆಕಾಶದಿಂದ ನೋಡಬಹುದು, ಸುದ್ದಿಗಾಗಿ ನೋಡುವಾಗ ಅಳುಕಬೇಕು ಎಂಬ ವ್ಯವಸ್ಥೆಯನ್ನು ನಾನು ಒಪ್ಪಲಾರೆ.

ಜೈಲಿನೊಳಕ್ಕೆ ಮಾದಕವಸ್ತು ಇಳಿಸುವವರ ಗತಿಯೇನು ಎಂಬುದು ಇನ್ನೊಂದು ಪ್ರಶ್ನೆ. ಅವರಿಗೆ ಕಠಿಣ ಶಿಕ್ಷೆಯೇ ಆಗಲಿ, ತಕರಾರಿಲ್ಲ. ಆದರೆ 2017ರಲ್ಲಿ 400 ಅಡಿಗಿಂತ ಕೆಳಗೆ ಹಾರಬಾರದ ಜಾಗಗಳಿಗೆ ಜೈಲನ್ನು ಸೇರಿಸಿದ ಅದೇ ವರ್ಷ, ಸಾಮೂಹಿಕವಾಗಿ ದನ, ಹಂದಿಗಳನ್ನು ಕೊಬ್ಬಿಸುವ ದೊಡ್ಡ ದೊಡ್ಡಿಗಳನ್ನೂ ಸೇರಿಸಿದರು. ಅವುಗಳ ಕೊಳಚೆ ಹೊಂಡಗಳನ್ನು ಮೇಲಿಂದ ನೋಡಿದರೆ ಯಾವ ಕೈದಿ ಪರಾರಿಯಾಗುತ್ತಾನೆ?

ಕೊನೆಗೆ ನ್ಯಾಯಾಲಯದ ಮಾತು. 2022ರಲ್ಲಿ ಆಸ್ಟಿನ್‌ನ ಫೆಡರಲ್ ನ್ಯಾಯಾಧೀಶರು ಈ ಕಲಮುಗಳನ್ನು ಅಸಾಂವಿಧಾನಿಕ ಎಂದರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುವಿಹಾಕಿತು. ಕಾಯ್ದೆ ಸಂವಿಧಾನದ ಗೆರೆ ದಾಟಿಲ್ಲ ಎಂದರೆ ಅದು ಒಳ್ಳೆಯ ಕಾಯ್ದೆ ಎಂದಾಗುವುದಿಲ್ಲ. ಅದನ್ನು ತಿದ್ದಬೇಕಾದವರು ಶಾಸಕರು. ಕಣ್ಗಾವಲು ಯಾವುದೆಂದು ಅವರು ಬಿಡಿಸಿ ಬರೆಯಲಿ, ವಿನಾಯಿತಿಯ ಪಟ್ಟಿಗೆ ಸುದ್ದಿಸಂಗ್ರಹವನ್ನು ಸೇರಿಸಲಿ, ದೊಡ್ಡಿಗಳನ್ನು ಜೈಲುಗಳ ಸಾಲಿನಿಂದ ಹೊರಗಿಡಲಿ.