ಕನ್ನಡದ ತಪ್ಪಲ್ಲ, ಕೋಡ್ ತಪ್ಪು

ಕೋಡ್ ಕಟ್ಟೆ, ಭಾಗ 6

"ಮಂಡ್ಯನಲ್ಲಿ 3 ಕೊಠಡಿಗಳು ಇವೆ." ಯಾವುದಾದ್ರೂ ಆ್ಯಪ್‌ನಲ್ಲಿ ಇಂಥ ಸಾಲು ಕಂಡ್ರೆ ನಾವು ಬೈಯೋದು ಅನುವಾದಕರನ್ನ. ಬೈಬೇಡಿ. ಮಂಡ್ಯದಲ್ಲಿ, ಉಡುಪಿಯಲ್ಲಿ, ಬೆಂಗಳೂರಿನಲ್ಲಿ: ಮೂರು ಊರಿಗೆ ಮೂರು ಥರ. ಇದು ಕನ್ನಡ ಮಾತಾಡೋ ಮಗುವಿಗೂ ಗೊತ್ತು. ಗೊತ್ತಿಲ್ಲದ್ದು ಊರಿನ ಹೆಸರಿಗೆ ಕಣ್ಣು ಮುಚ್ಚಿ "ನಲ್ಲಿ" ಅಂಟಿಸೋ ಕೋಡ್‌ಗೆ.

ನಮ್ಮಲ್ಲಿ ಎಷ್ಟೋ ಜನ ಪ್ರಾಜೆಕ್ಟ್ ಮಾಡುವಾಗ "ಮೊದಲು ಇಂಗ್ಲಿಷ್, ಕನ್ನಡ ಆಮೇಲೆ" ಅಂತೀವಿ. ಆ "ಆಮೇಲೆ" ಬರೋದೇ ಇಲ್ಲ. ಬಂದ್ರೂ ಅಷ್ಟೊತ್ತಿಗೆ ವಾಕ್ಯಗಳೆಲ್ಲ ತುಂಡು ತುಂಡಾಗಿ ಪ್ಲಸ್ ಚಿಹ್ನೆಯಿಂದ ಹೊಲಿದು ಕೂತಿರುತ್ತವೆ. ಇಂಗ್ಲಿಷಲ್ಲಿ "ಡಿಲೀಟ್" ಮೊದಲು ಬರುತ್ತೆ, ನಮ್ಮಲ್ಲಿ "ಅಳಿಸಬೇಕೇ" ಕೊನೆಗೆ. ತುಂಡುಗಳನ್ನ ಅನುವಾದಕರು ಹೇಗೆ ತಿರುಗಿಸ್ಬೇಕು?

ಗೆಟ್‌ಟೆಕ್ಸ್ಟ್ ಅನ್ನೋ ವ್ಯವಸ್ಥೆ ಹಳೇದು, ಜಿಎನ್‌ಯು ಆವೃತ್ತಿ ಬಂದದ್ದೇ 1995ರಲ್ಲಿ. ವರ್ಡ್‌ಪ್ರೆಸ್‌ನ ಎರಡು ಅಂಡರ್‌ಸ್ಕೋರ್ ಫಂಕ್ಷನ್ ಕೂಡ ಅದೇ ವಂಶದ್ದು. ಬಳಸೋದು ಸುಲಭ: ಇಡೀ ವಾಕ್ಯವನ್ನ ಫಂಕ್ಷನ್ ಒಳಗೆ ಕೊಡಿ, ಬದಲಾಗೋ ಜಾಗಗಳಿಗೆ ನಂಬರ್ ಹಾಕಿ. ಆಗ ಅನುವಾದಕರು ಎರಡನೇದನ್ನ ಮುಂದೆ ತರಬಹುದು. ವಿಭಕ್ತಿ ಕಾಟ ಕೊಟ್ರೆ "ಊರು: ಮಂಡ್ಯ" ಅಂತ ವಾಕ್ಯವನ್ನೇ ಬದಲಿಸಬಹುದು. ಇಡೀ ವಾಕ್ಯ ಕೈಯಲ್ಲಿದ್ರೆ ಮಾತ್ರ.

ಇನ್ನು "ಬುಕ್". ಗ್ರಂಥಾಲಯದ ಆ್ಯಪ್‌ನಲ್ಲಿ ಪುಸ್ತಕ, ಬಸ್ ಟಿಕೆಟ್ ಪುಟದಲ್ಲಿ ಕಾಯ್ದಿರಿಸು. ಒಂಟಿ ಪದ ಕಳಿಸಿದ್ರೆ ಅನುವಾದಕರಿಗೆ ಕನಸು ಬೀಳುತ್ತಾ? ಸಂದರ್ಭ ಹೇಳೋಕೇ ಬೇರೆ ಫಂಕ್ಷನ್ ಇದೆ, ಪಕ್ಕದಲ್ಲಿ ಒಂದು ಕಾಮೆಂಟ್ ಹಾಕೋಕೂ ದುಡ್ಡು ಕೊಡಬೇಕಿಲ್ಲ.

ಬಹುವಚನಕ್ಕೆ ನೀವೇ "ಒಂದಾದ್ರೆ ಹೀಗೆ, ಇಲ್ಲದಿದ್ರೆ ಹಾಗೆ" ಅಂತ ಇಫ್ ಬರೆಯೋದು ಇಂಗ್ಲಿಷ್ ವ್ಯಾಕರಣವನ್ನ ಎಲ್ಲ ಭಾಷೆಗೂ ಹೇರಿದ ಹಾಗೆ. ಯೂನಿಕೋಡ್‌ನ ಸಿಎಲ್‌ಡಿಆರ್ ನಿಯಮದಲ್ಲಿ ಕನ್ನಡಕ್ಕೆ 0 ಕೂಡ ಏಕವಚನದ ಗುಂಪಿಗೇ ಸೇರುತ್ತೆ, ಅರಬ್ಬಿಗೆ ಆರು ಗುಂಪುಗಳಿವೆ. ಲೆಕ್ಕ ಲೈಬ್ರರಿಗೆ ಬಿಡಿ. (ನಾವಂತೂ "5 ಪುಸ್ತಕ" ಅಂತಲೇ ಮಾತಾಡ್ತೀವಿ, "ಗಳು" ಹಾಕ್ಲೇಬೇಕು ಅಂತ ಹಟ ಯಾಕೋ!)

ಮನೇಲಿ ಅಜ್ಜಿಯೋ ಅಪ್ಪನೋ "ಈ ಕನ್ನಡ ಅರ್ಥ ಆಗ್ತಿಲ್ಲ, ಇಂಗ್ಲಿಷ್‌ಗೇ ಹಾಕ್ಕೊಡು" ಅಂತಾರಲ್ಲ, ಅವರು ಬಿಟ್ಟುಕೊಡ್ತಿರೋದು ಓದೋಕೆ ಬರೋ ಒಂದೇ ಭಾಷೆಯನ್ನ. ಆಮೇಲೆ ಪ್ರತಿ ಬಟನ್‌ಗೂ ನಿಮ್ಮನ್ನೇ ಕರೀತಾರೆ.

ಈ ಸೆಮಿಸ್ಟರ್‌ನ ಪ್ರಾಜೆಕ್ಟ್ ತೆಗೀರಿ, ಪ್ಲಸ್ ಹಾಕಿ ಹೊಲಿದ ವಾಕ್ಯ ಎಷ್ಟಿವೆ ಎಣಿಸಿ, ಸಂಖ್ಯೆ ಕಾಮೆಂಟಲ್ಲಿ ಹಾಕಿ. ಮುಂದಿನ ಭಾಗದಲ್ಲಿ ದಿನಾಂಕದ ಗೋಳು.